ಚಿತಂಬೊ ಅವರ ಮೂರು ಸಾವು

ಗಣಿ ಸ್ಮರಣಾ ಇಲಾಖೆಯ ಕಡತಗಳ ಪ್ರಕಾರ ತಾಮ್ರದ ಗಣಿಯ ಕಾರ್ಮಿಕ ಚಿತಂಬೊ ಮೂರು ಬಾರಿ ತೀರಿಕೊಂಡಿದ್ದು, ಮೂರೂ ಬಾರಿ ಕ್ರಮಬದ್ಧವಾಗಿ ಮಣ್ಣು ಮಾಡಲಾಗಿದೆ. ಸಾವುಗಳ ನಡುವೆ ಆತ ಒಂದು ದಿನವೂ ರಜೆ ಹಾಕಿಲ್ಲ.

ಮೊಮ್ಮಗಳು ಲುಕೊಂಡೆಗೆ ಇದನ್ನು ತಿಳಿಸಿದವರು ಅಧಿಕಾರಿ ಶೊಂಗ್ವೆ. ಶಾಲೆಯಲ್ಲಿ ಲೆಕ್ಕ ಕಲಿಸುವ ಲುಕೊಂಡೆ ತಾಯಿಯ ಸಲುವಾಗಿ ಬಂದಿದ್ದಳು. ತಾನು ಹುಟ್ಟುವ ಮೊದಲೇ ತೀರಿಕೊಂಡ ಅಪ್ಪನ ಸಮಾಧಿಗೆ ಒಂದು ಕಲ್ಲು ನೆಡಿಸಬೇಕು, ಸಾಯುವುದರೊಳಗೆ ಅದರ ಮೇಲೆ ಕೈಯಿಡಬೇಕು ಎಂದು ಮುದುಕಿ ಹಟ ಹಿಡಿದಿದ್ದಳು. ಗಣಿ ಕಾರ್ಮಿಕರ ಸಮಾಧಿಗೆ ಕಲ್ಲು ಕೊಡುವುದು ಇಲಾಖೆ. ಸಮಾಧಿ ಯಾವುದೆಂದು ಹೇಳುವುದೂ ಇಲಾಖೆಯೇ.

ಶೊಂಗ್ವೆ ಎಂಗೊನಿ ಕುಲದವರು, ಲುಕೊಂಡೆ ಬೆಂಬಾ. ಈ ಎರಡು ಕುಲದವರು ಪರಸ್ಪರ ಹೀಯಾಳಿಸದೆ ಕೆಲಸದ ಮಾತಿಗಿಳಿಯುವುದು ಅಸಭ್ಯತನ.

"ಕೋತಿ ತಿನ್ನೋರನ್ನ ಮಣ್ಣೂ ಬೇಗ ಒಪ್ಪಲ್ಲ ನೋಡಮ್ಮ. ಮೂರು ಸಲ ಹೂಳಬೇಕಾಯ್ತು" ಎಂದರು ಶೊಂಗ್ವೆ.

"ಇಲಿ ತಿನ್ನೋರ ಕೈಗೆ ಕಡತ ಕೊಟ್ಟರೆ ಹೀಗೇ ಆಗೋದು. ಅರ್ಧ ನೀವೇ ಕಡಿದಿರ್ತೀರಿ."

ಶಿಷ್ಟಾಚಾರ ಮುಗಿಯಿತು. "ಇದರಲ್ಲಿ ಯಾವ ಸಾವು ನಿಮ್ಮದು ಅಂತ ಕೇಳ್ಕೊಂಡು ಬನ್ನಿ" ಎಂದರು ಶೊಂಗ್ವೆ. "ಒಬ್ಬ ಮನುಷ್ಯನಿಗೆ ಒಂದೇ ಕಲ್ಲು."

ಲುಕೊಂಡೆ ನೆಂಟರನ್ನು ಕೇಳಿದಳು. ಚಿತಂಬೊ ಬಾಗಿಲಲ್ಲಿ ಮಡಚಿಕೊಂಡು ಒಳಬರುವಷ್ಟು ಉದ್ದ ಎಂದರು ಒಬ್ಬರು. ಮೂಗಿನವರೆಗೆ ನೀರು ಬರುವುದೆಂದು ಹಳ್ಳ ದಾಟುತ್ತಿರಲಿಲ್ಲ, ಅಷ್ಟು ಗಿಡ್ಡ ಎಂದರು ಇನ್ನೊಬ್ಬರು. ಮೂರನೆಯವರಿಗೆ ಎತ್ತರ ನೆನಪಿಲ್ಲ, ಹಾಡುತ್ತಿದ್ದುದು ನೆನಪಿದೆ. ಲುಕೊಂಡೆಗೆ ಆಶ್ಚರ್ಯವಾಗಲಿಲ್ಲ, ಅವರ ಮನೆತನದಲ್ಲಿ ಆಡುಗಳ ಲೆಕ್ಕವೂ ಒಂದು ದಿನ ತಾಳೆಯಾದದ್ದಿಲ್ಲ.

ಕೊನೆಗೆ ಅಜ್ಜಿಯ ತಂಗಿ ಕಪೆಂಬ್ವಳ ಬಳಿ ಹೋದಳು.

"ಎಲ್ಲಾರೂ ಸರಿಯಾಗೇ ಹೇಳಿದಾರಲ್ಲೇ" ಎಂದಳು ಕಪೆಂಬ್ವ. "ಗಣಿಗೆ ಸೇರೋಕೆ ಗುರುತಿನ ಚೀಟಿ ಬೇಕಿತ್ತು. ಇದ್ದದ್ದು ಒಂದೇ, ಚಿತಂಬೊ ಹೆಸರಿಂದು. ಗೆಳೆಯರು ಮೂರು ಜನ. ಉದ್ದನೆಯವನು ಬೆಳಗಿನ ಪಾಳಿ, ಹಾಡೋನು ಮಧ್ಯಾಹ್ನ, ಗಿಡ್ಡ ರಾತ್ರಿ."

"ಯಾರೂ ಕೇಳಲಿಲ್ವಾ ಅಜ್ಜಿ?"

"ಬಿಳಿ ಮೇಸ್ತ್ರಿಗಳಿಗೆ ನಾವೆಲ್ಲ ಒಂದೇ ಥರ ಕಾಣ್ತಿದ್ವಂತೆ. ಅವಮಾನ ಅಂತ ಮೂತಿ ಊದಿಸ್ಕೊಂಡು ಕೂತ್ರೆ ಹೊಟ್ಟೆ ತುಂಬುತ್ತಾ? ಸರಿ, ಒಂದೇ ಥರ ಇದ್ದುಬಿಟ್ವಿ."

"ಅಮ್ಮನ ಅಪ್ಪ ಯಾರು?"

"ಗಿಡ್ಡ."

"ಅವನ ಸಮಾಧಿ?"

"ಮೂರರ ಮೇಲೂ ಅದೇ ತಗಡಿನ ಫಲಕ, ಅದೇ ಹೆಸರು. ಮೂವರೂ ಮಳೆಗಾಲದಲ್ಲೇ ಹೋದ್ರು, ಮೂರು ಮಣ್ಣಿಗೂ ಹೋಗಿದ್ದೆ. ಗಿಡ್ಡನಿಗೆ ಅಂತ ಯಾವುದರ ಮುಂದೆ ಕೂತು ಅತ್ತಿದ್ದೆ ಅನ್ನೋದು ನನಗೇ ಗೊತ್ತಿಲ್ಲ ಕಣೇ."

ಲುಕೊಂಡೆ ಮತ್ತೆ ಇಲಾಖೆಗೆ ಹೋದಳು. ಶೊಂಗ್ವೆ ಎಲ್ಲವನ್ನೂ ಕೇಳಿ ಎದ್ದುಹೋಗಿ ಕಿಟಕಿ ಮುಚ್ಚಿದರು.

"ಮೂವರು ಅಂದ್ರೆ ಕಡತ ತಪ್ಪು ಅಂತಾಗುತ್ತೆ. ಕಡತ ತಪ್ಪಲ್ಲ. ಒಬ್ಬ ಮೂರು ಸಲ ಸಾಯಬಾರದು ಅಂತ ಯಾವ ನಿಯಮದಲ್ಲೂ ಇಲ್ಲ, ಹುಡುಕಿದೀನಿ."

"ಹಾಗಾದ್ರೆ ಮೂರು ಕಲ್ಲು ಕೊಡಿ."

"ಒಬ್ಬನಿಗಾ?" ಶೊಂಗ್ವೆಗೆ ನಿಜಕ್ಕೂ ನೋವಾಯಿತು.

ಆ ವಾರ ಪ್ರಕಟಣೆ ಹೊರಬಿತ್ತು:

"ದಿವಂಗತ ಚಿತಂಬೊ ಅವರು ಮೂರೂ ಪಾಳಿಗಳಲ್ಲಿ ನಿದ್ರೆಯಿಲ್ಲದೆ ದುಡಿದ ಆದರ್ಶ ಕಾರ್ಮಿಕರು. ಎತ್ತರ: ಕೆಲಸಕ್ಕೆ ತಕ್ಕಂತೆ. ಅವರ ಸಮಾಧಿಗಳು ಊರಿನ ಮೂರು ದಿಕ್ಕಿನಲ್ಲಿರುವ ಕಾರಣ, ಅವುಗಳ ನಡುವಿನ ಸಮಸ್ತ ಪ್ರದೇಶವನ್ನು ಒಂದೇ ಸಮಾಧಿಯೆಂದು ಪರಿಗಣಿಸತಕ್ಕದ್ದು. ಕಲ್ಲನ್ನು ನಟ್ಟನಡುವೆ ನೆಡತಕ್ಕದ್ದು. ಸದರಿ ಸಮಾಧಿಯೊಳಗೆ ವಾಸಿಸುವವರು ಗಾಂಭೀರ್ಯದಿಂದ ವರ್ತಿಸತಕ್ಕದ್ದು."

ಸದರಿ ಸಮಾಧಿಯೊಳಗೆ ಎರಡು ಚರ್ಚು, ಒಂದು ಹೆಂಡದಂಗಡಿ, ಮಾರುಕಟ್ಟೆ ಮತ್ತು ಲುಕೊಂಡೆಯ ಶಾಲೆ ಬಂದವು. ಹೆಂಡದಂಗಡಿಯವನು ಕುಣಿಯುವ ಹಾಡು ನಿಲ್ಲಿಸಿ ವಿರಹದ ಹಾಡು ಹಾಕಿದ, ವ್ಯಾಪಾರ ಏರಿತು. ಅಳತೆಗಾರರು ಗುರುತಿಸಿದ ನಟ್ಟನಡು ಮಿನಿಬಸ್ ನಿಲ್ದಾಣದಲ್ಲಿ ಬಿತ್ತು.

ಕಲ್ಲು ನೆಟ್ಟ ದಿನ ಉದ್ದನೆಯವನ ಮೊಮ್ಮಕ್ಕಳೂ ಹಾಡುವವನ ಮೊಮ್ಮಕ್ಕಳೂ ಬಂದರು. ಕಡತದ ಪ್ರಕಾರ ಎಲ್ಲರೂ ಒಂದೇ ಮನೆಯವರಾದ್ದರಿಂದ ಅಡುಗೆ ಯಾರು ಮಾಡಬೇಕೆಂದು ಆಗಲೇ ಜಗಳ ಶುರುವಾಗಿತ್ತು. ಬೆಂಬಾದವರ ಸಾವಿನಲ್ಲೂ ಗೇಲಿ ಮಾಡುವುದು ಎಂಗೊನಿಯವರ ಕರ್ತವ್ಯ, ಅದರಂತೆ ಶೊಂಗ್ವೆ ಕಲ್ಲಿನ ಮುಂದೆ ಹೊರಳಾಡಿ ಸುಳ್ಳು ಅಳು ಅತ್ತರು.

"ಏಳೋ ಇಲಿ, ದಾರಿ ಬಿಡು" ಎಂದು ಲುಕೊಂಡೆಯ ತಾಯಿ ಮುಂದೆ ಬಂದಳು. ಮಗಳನ್ನು ಕೇಳಿದಳು: "ಇಲ್ಲೇ ಇದಾನಾ?"

"ಇಲಾಖೆ ಪ್ರಕಾರ ಇದಾನಮ್ಮ."

ಮುದುಕಿ ಕಲ್ಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಹೊರಡಬೇಕಿದ್ದ ಬಸ್ಸನ್ನು ಕಂಡಕ್ಟರ್ ತಡೆದ.

"ಒಳ್ಳೇ ಜಾಗ" ಎಂದಳು. "ರಾತ್ರಿಯೆಲ್ಲ ಒಬ್ಬನೇ ನೆಲದ ಕೆಳಗೆ ಇದ್ದೋನು. ಇಲ್ಲಿ ಜನ ಓಡಾಡ್ತಾರೆ."

ಈಗ ಕಂಡಕ್ಟರುಗಳು "ಸಮಾಧಿ, ಸಮಾಧಿ, ಇಳಿಯೋರು ಮುಂದೆ ಬನ್ನಿ" ಎಂದು ಕೂಗುತ್ತಾರೆ. ಇಳಿದವರು ಟೋಪಿ ತೆಗೆಯುತ್ತಾರೆ. ಬಸ್ಸು ತಡವಾದರೆ ಯಾರೂ ಗೊಣಗುವುದಿಲ್ಲ. ಸಮಾಧಿಯಲ್ಲಿ ನಿಂತು ಅವಸರ ಮಾಡುವುದು ಲಕ್ಷಣವಲ್ಲ.