ನನ್ನ ಭಾಷಣ ಕುಗ್ಗಿಸುವ ಪಂದ್ಯ

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ನಮ್ಮವರು ನೀಲಿ ಕಂಪನಿಯ ಪ್ರೊಸೆಸರಿನ ಪರಮಭಕ್ತರು. ಅವರ ತಮ್ಮ, ಅಂದರೆ ನನ್ನ ಮೈದುನ, ಕೆಂಪು ಕಂಪನಿಯವನು. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳಂತೆ. ಬಿಸ್ಕತ್ತಿನಷ್ಟು ಗಾತ್ರ. (ಅದಕ್ಕಿಂತ ದೊಡ್ಡ ಮಿದುಳಿನವಳೊಬ್ಬಳು ಇದೇ ಮನೆಯಲ್ಲಿದ್ದಾಳೆ. ಅವಳ ಪರವಾಗಿ ಯಾವ ಪಕ್ಷವೂ ಇಲ್ಲ.)

ಪ್ರತಿ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಮಹಾಸಮರ. ಇಬ್ಬರೂ ಒಂದೇ ವಿಡಿಯೋವನ್ನು ತಮ್ಮ ತಮ್ಮ ಕಂಪ್ಯೂಟರಿಗೆ ಕೊಟ್ಟು, ಅದನ್ನು ಕಡಿಮೆ ಜಾಗ ಹಿಡಿಯುವಂತೆ ಕುಗ್ಗಿಸಲು ಬಿಡುತ್ತಾರೆ. ಕೆಲಸ ಎಷ್ಟು ಮುಗಿಯಿತೆಂದು ಪರದೆಯ ಮೇಲೆ ಒಂದು ಹಸಿರು ಗೆರೆ ಓಡಿ ತೋರಿಸುತ್ತದೆ. ಯಾರದ್ದು ಮೊದಲು ಮುಗಿಯಿತೋ ಅವರು ಗೆದ್ದಂತೆ. ಹಿಂದಿನ ದಿನವೇ ಎರಡೂ ಪೆಟ್ಟಿಗೆಗಳ ಫ್ಯಾನಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುವವಳು ನಾನು. ‘ಒಂದು, ಎರಡು, ಮೂರು’ ಎನ್ನುವವಳು, ಹೊತ್ತು ಬರೆದಿಡುವವಳು, ಗೆದ್ದವರಿಗೂ ಸೋತವರಿಗೂ ಟೀ ಕೊಡುವವಳೂ ನಾನೇ.

ಆ ವಿಡಿಯೋದಲ್ಲಿರುವವಳೂ ನಾನೇ. ಇಪ್ಪತ್ತೆರಡು ವರ್ಷ ಗ್ರಂಥಾಲಯದಲ್ಲಿ ದುಡಿದು, ಮಂಡಿನೋವಿಗೆ ಸೋತು ಕೆಲಸ ಬಿಟ್ಟ ದಿನದ ನನ್ನ ಭಾಷಣ. ಹನ್ನೆರಡು ನಿಮಿಷ. ಮೈದುನನೇ ಫೋನಿನಲ್ಲಿ ಹಿಡಿದದ್ದು. ವರ್ಷಗಟ್ಟಲೆ ಊರವರಿಗೆಲ್ಲ ‘ಸದ್ದು ಮಾಡಬೇಡಿ’ ಎಂದವಳು ಅಂದು ಮನಬಿಚ್ಚಿ ಮಾತನಾಡಿದ್ದೆ. ಈಗ ನನ್ನೆದುರು ಯಾರೂ ಸದ್ದೇ ಮಾಡುವುದಿಲ್ಲ. ವಾರವಿಡೀ ನನ್ನ ಪಾಲಿಗೆ ಬರುವ ಮಾತು ‘ಉಪ್ಪು ಕಡಿಮೆ’, ‘ಟವೆಲ್ ಎಲ್ಲಿ’.

ಒಂದು ಭಾನುವಾರ ತಡೆಯಲಾರದೆ ಕೇಳಿದೆ.

“ರೀ, ಆ ಭಾಷಣದ ಕೊನೇಲಿ ನಾನೇನು ಹೇಳ್ದೆ, ನೆನಪಿದೆಯಾ?”

“ನೆನಪಿಲ್ದೆ ಏನು? ಒಂದು ನಿಮಿಷ ನಲವತ್ತೊಂದು ಸೆಕೆಂಡು.”

“ಸುಳ್ಳು ಹೇಳ್ಬೇಡ ಅಣ್ಣ, ನಲವತ್ತಾರು! ಅತ್ತಿಗೇನೇ ಬರ್ಕೊಂಡಿದಾರೆ.”

“ನಾನು ಕೇಳಿದ್ದು ಮಾತು ಕಣಪ್ಪಾ.”

“ಮಾತು ಯಾರು ಕೇಳ್ತಾರೆ ಅತ್ತಿಗೆ? ನಾವು ನೋಡೋದು ಆ ಹಸಿರು ಗೆರೆ ಓಡೋದನ್ನ.”

ಅಂದೇ ತೀರ್ಮಾನಿಸಿದೆ. ಮುಂದಿನ ಶನಿವಾರ ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ನಲವತ್ತು ನಿಮಿಷ ಮಾತನಾಡಿದೆ. ಮೂರು ಜನರ ಬಟ್ಟೆ ಒಗೆದರೂ ಮನೆಯಲ್ಲಿ ಒಬ್ಬಳೇ ಇದ್ದಂತೆ ಅನ್ನಿಸುವುದನ್ನು ಹೇಳಿದೆ. ಧೂಳಿನ ಬ್ರಷ್ಷನ್ನೂ ತೋರಿಸಿದೆ. ನಡುವೆ ಸ್ವಲ್ಪ ಅತ್ತೆ. ಆಮೇಲೆ ಎರಡೂ ಕಂಪ್ಯೂಟರಿನಲ್ಲಿ ಹಳೆಯ ಭಾಷಣದ ಜಾಗಕ್ಕೆ, ಅದೇ ಹೆಸರಿಟ್ಟು, ಇದನ್ನು ಸೇರಿಸಿಬಿಟ್ಟೆ. (ಒಂದರ ಜಾಗದಲ್ಲಿ ಇನ್ನೊಂದನ್ನಿಡುವುದು ಗ್ರಂಥಾಲಯದವರಿಗೆ ಮಹಾಪಾಪ. ಮಾಡಿದೆ.)

ಭಾನುವಾರ ಪಂದ್ಯ ಶುರುವಾಯಿತು. ಎರಡು ನಿಮಿಷ ಕಳೆದರೂ ಹಸಿರು ಗೆರೆ ಅರ್ಧ ದಾರಿಯನ್ನೂ ದಾಟಲಿಲ್ಲ. ಎರಡೂ ಪಕ್ಷಗಳಲ್ಲಿ ಹಾಹಾಕಾರ. ನಮ್ಮವರು ವಿಡಿಯೋ ತೆರೆದರು. ಪರದೆಯ ತುಂಬ ನನ್ನ ಮುಖ, ಹಿಂದೆ ಪಾತ್ರೆಗಳ ಸಾಲು. ಸ್ಪೀಕರಿನ ತಂತಿ ಕಿತ್ತು ವರ್ಷವಾಗಿತ್ತು; ತುಟಿ ಮಾತ್ರ ಆಡುತ್ತಿತ್ತು. ಮೈದುನ ಅದನ್ನು ಅಲ್ಲಲ್ಲಿ ಮುಂದಕ್ಕೆ ಓಡಿಸಿ ನೋಡಿದ.

“ಇದು ನೀನು ಮಾಡಿದ್ದೇನೇ? ನಲವತ್ತು ನಿಮಿಷ?”

“ಹೂಂ.”

“ನಮಗೋಸ್ಕರ?”

“ನಿಮಗೋಸ್ಕರಾನೇ.”

ಅವರ ಕಣ್ಣು ಒದ್ದೆಯಾಯಿತು. ಕೊನೆಗೂ ಅರ್ಥವಾಯಿತು ಎಂದುಕೊಂಡೆ.

“ನೋಡೋ,” ಎಂದರು ತಮ್ಮನಿಗೆ, “ಹನ್ನೆರಡು ನಿಮಿಷದ್ದು ನಮ್ಮ ಯಂತ್ರಗಳಿಗೆ ಸಾಲ್ತಿಲ್ಲ ಅಂತ ಇವಳೇ ಕಂಡ್ಕೊಂಡಿದಾಳೆ!”

“ಭೇಷ್ ಅತ್ತಿಗೆ! ಮಧ್ಯೆ ಕೈ ಬೀಸ್ಕೊಂಡು ಅತ್ತಿದೀರಲ್ಲ, ಅದಂತೂ ಅದ್ಭುತ. ಅಲುಗಾಟ ಜಾಸ್ತಿ ಇದ್ದಷ್ಟೂ ಪ್ರೊಸೆಸರಿಗೆ ಒಳ್ಳೆ ಪರೀಕ್ಷೆ. ಮುಂದಿನ ವಾರ ಒಂದು ಗಂಟೆದು ಮಾಡ್ಕೊಡಿ.”

ಹೀಗೆ ನನ್ನ ಕೆಲಸಗಳ ಪಟ್ಟಿಗೆ ಇನ್ನೊಂದು ಸೇರಿತು. ಪ್ರತಿ ಶನಿವಾರ ಅಕ್ಕಿ ಡಬ್ಬದೆದುರು ಕುಳಿತು, ವಾರವಿಡೀ ಹೇಳಬೇಕೆಂದಿದ್ದನ್ನೆಲ್ಲ ಒಂದು ಗಂಟೆ ಹೇಳುತ್ತೇನೆ. ಭಾನುವಾರ ಎರಡು ಯಂತ್ರಗಳು ಅದನ್ನು ತಾ ಮುಂದು, ನಾ ಮುಂದು ಎಂದು ಮುಗಿಸಿ ಕೈತೊಳೆದುಕೊಳ್ಳುತ್ತವೆ. ನಾನು ಪಕ್ಕದಲ್ಲೇ ನಿಂತು ಹೊತ್ತು ಬರೆಯುತ್ತೇನೆ.

ಈಚೆಗೆ ನಾನೂ ಒಂದು ಪಕ್ಷ ಸೇರಿದ್ದೇನೆ. ನೀಲಿಯಾಗಲಿ, ಕೆಂಪಾಗಲಿ, ನನ್ನದು ಸೋಲುವ ಯಂತ್ರದ ಪಕ್ಷ. ಅದು ನನ್ನ ಜೊತೆ ಐದು ಸೆಕೆಂಡು ಹೆಚ್ಚು ಇರುತ್ತದೆ.