ಎರಡು ಬೋಗುಣಿ ಮಿಡತೆ

ಟೋಪಿಯೊಳಗಿನ ಚೀಟಿಗಳಲ್ಲಿ ತನ್ನ ಹೆಸರಿನದು ಬಾರದಿರಲಿ ಎಂದು ಎರಿಫಾಜಿ ಬೇಡಿಕೊಂಡಿದ್ದ. ಬೇಡಿಕೊಂಡು ಮುಗಿಯುವ ಮೊದಲೇ ಅವನ ಹೆಸರು ಓದಿಯಾಗಿತ್ತು.

ಮುಕೊನೊ ಊರಿನ ಗುಡ್ಡದ ಚರ್ಚಿನ ಹಾಡುಗಾರರು ನವೆಂಬರಿನಲ್ಲಿ ಒಂದು ಭಾನುವಾರ ಕೂಡಿ ಉಣ್ಣುತ್ತಾರೆ. ಹದಿನಾಲ್ಕು ಜನ, ಹದಿನಾಲ್ಕು ಅಡುಗೆ, ಎಲ್ಲದರಲ್ಲೂ ಇರಬೇಕಾದ ಪದಾರ್ಥ ಮಾತ್ರ ಒಂದೇ. ಹಿಂದಿನ ವರ್ಷದ್ದು ಮತ್ತೆ ಬರುವಂತಿಲ್ಲ. ಶನಿವಾರ ಬೆಳಿಗ್ಗೆ ಚೀಟಿ ಎತ್ತುತ್ತಾರೆ. ಚೀಟಿ ಬಂದವರು ಸಂಜೆ ಐದಕ್ಕೆ, ಹಾಡಿನ ನಂಬರು ಬರೆಯುವ ಹಲಗೆಯ ಮೇಲೆ ಆ ಪದಾರ್ಥದ ಹೆಸರು ಬರೆಯಬೇಕು. ಮರುದಿನ ಊಟವಾದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು, ಯಾರ ಅಡುಗೆ ಹಿಡಿಸಿತು ಎಂದು ಎಲ್ಲರೆದುರು ಹೇಳಬೇಕು. ಬೇರೆ ಬಹುಮಾನವಿಲ್ಲ.

ಎರಿಫಾಜಿಗೆ ಬೇಕಾದದ್ದು ಆ ಎದ್ದು ನಿಲ್ಲುವ ಒಂದು ಗಳಿಗೆ. ಎದುರು ಸಾಲಿನಲ್ಲಿ ಹಾಡುವ ಕಿಝಾಳ ಅಡುಗೆ ತಿಂದು, ಎದ್ದು, ಅವಳ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಅಷ್ಟು ಹೇಳಿದರೆ ಮುಂದಿನದನ್ನೂ ಹೇಳಿಯೇನು ಎಂಬ ಧೈರ್ಯ ಅವನಿಗಿತ್ತು. ಎರಡು ವರ್ಷದಿಂದ ಅವಳೊಡನೆ ಆಡಿದ ಮಾತೆಲ್ಲ ಕೂಡಿಸಿದರೂ ಒಂದು ಪೋಸ್ಟ್‌ಕಾರ್ಡು ತುಂಬುತ್ತಿರಲಿಲ್ಲ. ಒಮ್ಮೆ ಅವಳ ರೇಡಿಯೋ ಅವನ ಅಂಗಡಿಗೆ ರಿಪೇರಿಗೆ ಬಂದಿತ್ತು. ಹತ್ತು ನಿಮಿಷದ ಕೆಲಸವನ್ನು ಅವನು, ರೇಡಿಯೋ ತನ್ನ ಕೋಣೆಗೆ ಒಯ್ದಿಟ್ಟುಕೊಂಡು, ಹನ್ನೊಂದು ದಿನ ಎಳೆದಿದ್ದ. ಅವಳು ಮೂರು ಸಲ ಬಂದು ಕೇಳಿದ್ದಳು. ಆ ಮೂರು ಸಲವೂ ಅವನು ಹೇಳಿದ್ದು ‘ನಾಳೆ’ ಎಂಬ ಒಂದೇ ಮಾತು.

ಅವಳ ಬೆಡಗು, ಅಂದರೆ ಕುಲ, ಯಾವುದೆಂದೂ ಅವನು ಕೇಳಿರಲಿಲ್ಲ. ಕಿಝಾ ಎಂದರೆ ಅವಳಿ ಮಕ್ಕಳ ಬೆನ್ನಿಗೆ ಹುಟ್ಟಿದವಳು, ಅಷ್ಟೇ. ಹೆಸರಿನಿಂದ ಬೆಡಗು ತಿಳಿಯದು. ಗಂಡಸು ಹೆಣ್ಣಿನ ಬೆಡಗು ಕೇಳಿದನೆಂದರೆ ಹೆಣ್ಣು ಕೇಳಿದಂತೆಯೇ. ಕೇಳದೆ ಉಳಿದ ಆ ಪ್ರಶ್ನೆ ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು.

ಅವನದು ಮಿಡತೆಯ ಬೆಡಗು. ಅಣಬೆ ಬೆಡಗಿನವರು ಅಣಬೆ ತಿನ್ನರು, ಮಿಡತೆಯವರು ಮಿಡತೆ ಮುಟ್ಟರು. ಈಗಂತೂ ಮಳೆ ನಿಂತು ಮಿಡತೆ ಬೀಳುವ ಕಾಲ. ಸಂತೆಯ ತುಂಬ ಹೆಂಗಸರು ಕೂತು ರೆಕ್ಕೆ ಕಾಲು ಕೀಳುತ್ತಿದ್ದರು. ಇಡೀ ಊರು ಹುರಿದ ಮಿಡತೆಯ ವಾಸನೆಗೆ ಬಾಯಲ್ಲಿ ನೀರೂರಿಸಿಕೊಂಡು ಓಡಾಡುತ್ತಿತ್ತು.

ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಹಾಡಿನ ಮೇಷ್ಟರು ಯೊಕಾನಾ ಬಂದು ನಿಂತಿದ್ದರು.

“ಏನಪ್ಪಾ, ಮಿಡತೆ ತಾನೆ?”

“ಇನ್ನೂ ಯೋಚಿಸ್ತಿದೀನಿ, ಮೇಷ್ಟ್ರೇ. ಅಣಬೆ ಆದ್ರೆ ಹೇಗೆ?”

ಯೊಕಾನಾ ಕನ್ನಡಕ ತೆಗೆದರು. “ನಮ್ಮದು ಅಣಬೆ ಬೆಡಗು. ನಮ್ಮ ಮುತ್ತಾತನ್ನ ಸಾರು ಮಾಡಿ ನನಗೇ ಬಡಿಸ್ತೀಯಾ?”

“ತಪ್ಪಾಯ್ತು.”

“ಮಿಡತೆ ಅಂತ ಬರಿ. ಊರೇ ಅದನ್ನ ತಿನ್ನೋ ಕಾಲದಲ್ಲಿ ನಿನಗೆ ಯೋಚನೆ ಏನು?”

ತನ್ನ ಬೆಡಗಿನ ವಿಷಯ ಹೇಳಲು ಎರಿಫಾಜಿ ಬಾಯಿ ತೆರೆದ. ಆರಿಸುವವನು ತನ್ನ ಹೊಟ್ಟೆ ನೋಡಿ ಆರಿಸಬಾರದು ಎಂಬುದು ಆಟದ ಮೊದಲ ನಿಯಮ. ನಿಯಮ ಮಾಡಿದವರೇ ಎದುರಿಗಿದ್ದರು. ಅವನು ಬಾಯಿ ಮುಚ್ಚಿದ.

ಮೇಷ್ಟರು ಹೋದ ಮೇಲೆ ವಾಸ್ವಾ ಬಂದ. ಎರಿಫಾಜಿಯ ಜೊತೆಯ ಹಾಡುಗಾರ, ಲಾರಿ ಓಡಿಸುವವನು, ಸುಮ್ಮನಿರಲು ಬಾರದವನು. ಇವತ್ತು ಮಾತ್ರ ಸ್ಕ್ರೂಡ್ರೈವರು ಎತ್ತಿ ಇಟ್ಟು, ಎತ್ತಿ ಇಟ್ಟು ಮಾಡುತ್ತಿದ್ದ.

“ನೋಡು ಮಾರಾಯ. ಏನು ಬೇಕಾದ್ರೂ ಬರಿ. ಮಿಡತೆ ಒಂದು ಬೇಡ.”

“ನಿನಗೆ ಇಷ್ಟ ಅಲ್ವೇನೋ?”

“ನನಗೆ ಪ್ರಾಣ. ನನಗಾಗಿ ಅಲ್ಲ ಹೇಳ್ತಿರೋದು.” ಅವನು ಸ್ಕ್ರೂಡ್ರೈವರು ಕೆಳಗಿಟ್ಟು, “ಬೇರೆಯವರಿಗಾಗಿ. ಅದಕ್ಕಿಂತ ಹೆಚ್ಚು ಕೇಳಬೇಡ,” ಎಂದು ಹೊರಟುಹೋದ.

ಎರಿಫಾಜಿಯ ಕಣ್ಣು ತೇವವಾಯಿತು. ತನ್ನ ಬೆಡಗು ಯಾವುದೆಂದು ಇವನಿಗೆ ಹೇಗೋ ತಿಳಿದಿದೆ. ಮುಜುಗರವಾದೀತೆಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆಯೇ ತಿಳಿಯುವ ಗೆಳೆಯನಿರುವುದು ದೊಡ್ಡದು ಎಂದುಕೊಂಡ. ಆ ಖುಷಿಯಲ್ಲಿ ಯಾರದೋ ರೇಡಿಯೋದ ತಂತಿಯನ್ನು ತಲೆಕೆಳಗಾಗಿ ಬೆಸೆದ.

ಮಧ್ಯಾಹ್ನದ ಹೊತ್ತಿಗೆ ಅವನು ಇನ್ನೂ ಮೂರು ಪದಾರ್ಥ ಕಳೆದುಕೊಂಡಿದ್ದ. ಅಲಸಂದೆ ಎಂದರೆ ಇಬ್ಬರ ಬೆಡಗು. ಸಣ್ಣ ಮೀನು ಎಂದರೆ ಮತ್ತೊಬ್ಬಳದು. ಅವಳು ಅಂಗಡಿಗೇ ಬಂದು ಅತ್ತು ಹೋದಳು. ಕಡಲೆಕಾಯಿ ಯಾರದೂ ಅಲ್ಲ, ಹೋದ ವರ್ಷದ್ದು. ಅಡ್ಡಿಯಿಲ್ಲದ್ದೆಂದರೆ ಕುಂಬಳಕಾಯಿ. ಅದನ್ನು ಯಾರಿಗೆ ಹೇಳಿದರೂ ಜ್ವರ ಬಂದಿದೆಯೇ ಎಂಬಂತೆ ಹಣೆ ಮುಟ್ಟಿ ನೋಡುತ್ತಿದ್ದರು.

ಊಟಕ್ಕೆ ಮನೆಗೆ ಬಂದರೆ, ಮನೆಯೊಡತಿ ನಾಲೊಂಗೊ ದಮಾಲಿ ಅಂಗಳದಲ್ಲಿ ಕೂತಿದ್ದಳು. ಅವಳಿ ಮಕ್ಕಳನ್ನು ಹೆತ್ತವಳೆಂದು ಊರೇ ಅವಳನ್ನು ನಾಲೊಂಗೊ ಎನ್ನುತ್ತಿತ್ತು. ಹಾಡುವ ಗುಂಪಿನಲ್ಲಿ ಅವಳ ದನಿಯೇ ಎಲ್ಲಕ್ಕಿಂತ ಮೇಲೆ, ಮನೆಯಲ್ಲೂ ಅಷ್ಟೆ. ಅವಳ ಎರಡು ಪಕ್ಕಕ್ಕೂ ಒಂದೊಂದು ಬೋಗುಣಿ. ಎರಡರ ತುಂಬ ಕಾಲು ರೆಕ್ಕೆ ಕಿತ್ತ ಮಿಡತೆ.

“ಬಾ ಮಗಾ. ನಿನಗಾಗೇ ಬೆಳಿಗ್ಗೆಯಿಂದ ಕಿತ್ತು ಇಟ್ಟಿದೀನಿ.”

“ಯಾಕಮ್ಮ? ಇನ್ನೂ ನಾನು ಬರೆದೇ ಇಲ್ಲವಲ್ಲ.”

“ಬರೀತೀಯಲ್ಲ. ನನ್ನ ಬೆರಳು ನೋಡು, ಹಸಿರಾಗಿ ಹೋಗಿದೆ. ಇಷ್ಟು ಕಷ್ಟಪಟ್ಟವಳ ಮುಖ ನೋಡಿಯಾದ್ರೂ ಬರೀತೀಯ. ಕುಂಬಳಕಾಯಿ ಅಂದೆಯಂತೆ?” ಅವಳು ಅವನ ಹಣೆ ಮುಟ್ಟಿ ನೋಡಿದಳು. “ಬಿಸಿ ಏನೂ ಇಲ್ಲ.”

ಒಂದು ಬೋಗುಣಿಯಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದನೋ ಏನೋ. “ನಮ್ಮದು ಮಿಡತೆ ಬೆಡಗಮ್ಮ,” ಎಂದ. “ನಾನು ಅದನ್ನ ಮುಟ್ಟೋ ಹಾಗಿಲ್ಲ.”

ನಾಲೊಂಗೊ ಕೈ ಒರೆಸಿಕೊಂಡಳು. “ಅಯ್ಯೋ ಕಂದ. ಅಷ್ಟೇನಾ. ನೀನು ತಿನ್ನಬೇಡ. ನಮಗೆ ಒಂದು ಪಾಲು ಹೆಚ್ಚು ಬರುತ್ತೆ.” ಆಮೇಲೆ ದನಿ ತಗ್ಗಿಸಿ, “ಇದನ್ನ ಯಾರಿಗೂ ಹೇಳಲ್ಲ ಬಿಡು,” ಎಂದಳು.

ನಾಲೊಂಗೊ ಯಾರಿಗೂ ಹೇಳುವುದಿಲ್ಲವೆಂದ ಸುದ್ದಿ ಮೂರು ಗಂಟೆಗೆ ಸಂತೆಯ ಆ ತುದಿ ಮುಟ್ಟಿತ್ತು. ನಾಲ್ಕಕ್ಕೆ ಕಟುಕರ ಅಂಗಡಿಯವನು ಎರಿಫಾಜಿಯನ್ನು ನಿಲ್ಲಿಸಿ, “ಹೊಟ್ಟೆಗಾಗಿ ಊರ ಊಟ ಕೆಡಿಸ್ತೀಯಂತಲ್ಲ,” ಎಂದ. ಮೇಷ್ಟರು ಚೀಟಿ ಕಳಿಸಿದ್ದರು: ‘ನಿಯಮ ಜ್ಞಾಪಕವಿರಲಿ.’

ಅವನು ಚರ್ಚಿಗೆ ಅರ್ಧ ಗಂಟೆ ಮುಂಚೆ ಹೋಗಿ, ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತ. ಹದಿಮೂರು ಜನರ ಖುಷಿ ಒಂದು ಕಡೆ, ಅವನ ಒಂದು ಗಳಿಗೆ ಇನ್ನೊಂದು ಕಡೆ. ಜೀವನದಲ್ಲಿ ಅವನು ಯಾವತ್ತೂ ಹದಿಮೂರು ಜನರ ಎದುರು ನಿಂತವನಲ್ಲ. ‘ಮಿ’ ಎಂದು ಬರೆದ.

“ನಿಲ್ಲಿ,” ಎಂದಿತು ಹಿಂದಿನಿಂದ ಒಂದು ದನಿ.

ಕಿಝಾ. ಗುಡ್ಡ ಓಡಿ ಹತ್ತಿದ್ದಳು. ಚಪ್ಪಲಿ ಕೈಯಲ್ಲಿತ್ತು.

“ಅದನ್ನ ಬರೀಬೇಡಿ. ಎಲ್ಲಾ ಸೇರಿ ನಿಮ್ಮನ್ನ ಹಿಂಡ್ತಿದಾರೆ ಅಂತ ಕೇಳ್ದೆ. ನೀವು ಬಗ್ಗಬೇಡಿ.”

ಅವಳು ತನಗಾಗಿ ಓಡಿ ಬಂದಿದ್ದಾಳೆ. ಎರಿಫಾಜಿಯ ಎದೆಯೊಳಗೆ ಕೆಟ್ಟು ನಿಂತ ರೇಡಿಯೋಗಳೆಲ್ಲ ಒಟ್ಟಿಗೆ ಹಾಡತೊಡಗಿದವು.

“ನಾಳೆ,” ಎಂದ ಅವನು. ಅಭ್ಯಾಸಬಲ. ಸಾವರಿಸಿಕೊಂಡು, “ನೀವು ನನಗಾಗಿ…” ಎಂದ.

“ನಿಮಗಾಗೂ ಹೌದು, ನನಗಾಗೂ ಹೌದು.” ಅವಳು ನಕ್ಕಳು. “ನಾನೂ ತಿನ್ನೋ ಹಾಗಿಲ್ಲ.”

ಸೀಮೆಸುಣ್ಣ ಕೈಯಿಂದ ಜಾರಿ ಬಿದ್ದು ಎರಡಾಯಿತು. ಮಿಡತೆ ತಿನ್ನಬಾರದವರು ಊರಿನಲ್ಲಿ ಒಂದೇ ಬೆಡಗಿನವರು. ಒಂದೇ ಬೆಡಗಿನ ಗಂಡು ಹೆಣ್ಣು ಎಲ್ಲಿ ಹುಟ್ಟಿರಲಿ, ಅಣ್ಣತಂಗಿ. ಅದರಾಚೆಗೆ ಮಾತಿಲ್ಲ.

ಕಿಝಾ ಬಗ್ಗಿ ಚೂರುಗಳನ್ನು ಎತ್ತಿ ಅವನ ಅಂಗೈಯಲ್ಲಿಟ್ಟಳು. “ಮೂರು ಗಂಟೆಗೆ ಸಂತೆಯಲ್ಲಿ ಗೊತ್ತಾಯ್ತು, ನಿಮ್ಮದೂ ನಮ್ಮ ಬೆಡಗೇ ಅಂತ. ನನಗೆ ಅಳುವೇ ಬಂದುಬಿಡ್ತು. ನಮ್ಮ ಮನೇಲಿ ಅಕ್ಕಂದಿರೇ, ಚಿಕ್ಕಪ್ಪಂದಿರಿಗೂ ಹೆಣ್ಣುಮಕ್ಕಳೇ. ನನ್ನ ಮದುವೆ ಮಾತಾಗಿ ಆರು ತಿಂಗಳಾಯ್ತು. ಗಂಡಿನ ಕಡೆಯವರು ತರೋ ಹುಂಜಾನ ಹುಡುಗಿಯ ಅಣ್ಣ ತಾನೆ ತಗೋಬೇಕು? ತಗೊಳ್ಳೋಕೆ ಅಣ್ಣ ಇಲ್ಲ ಅಂತ ಎಲ್ಲಾ ನಿಂತುಹೋಗಿತ್ತು.”

ಎರಿಫಾಜಿ ಹಲಗೆಯ ಕಡೆ ತಿರುಗಿದ. ‘ಮಿ’ಯನ್ನು ಅಂಗಿಯ ತೋಳಿನಿಂದ ನಿಧಾನವಾಗಿ ಒರೆಸಿದ. ಒರೆಸಲು ಇದ್ದದ್ದು ಒಂದೇ ಅಕ್ಷರ; ಅವನು ಇಡೀ ಹಲಗೆ ಒರೆಸಿದ.

“ನೀವು ನನಗೆ ಅಣ್ಣ ಆಗ್ತೀರಾ?” ಎಂದಳು ಕಿಝಾ.

“ಆಗೋದೇನು ಬಂತು,” ಎಂದ ಅವನು ಹಲಗೆಗೆ. “ಆಗಿಯೇ ಇದೀನಿ.” ತೋಳಿನ ಸುಣ್ಣ ಕೊಡವಿಕೊಂಡು ಕೇಳಿದ, “ಗಂಡು ಯಾರಮ್ಮ?”

ಅವಳು ಉತ್ತರಿಸಬೇಕಾಗಲಿಲ್ಲ. ಬಾಗಿಲ ಮರೆಯಲ್ಲಿ ಬಹಳ ಹೊತ್ತಿನಿಂದ ನಿಂತಿದ್ದ ವಾಸ್ವಾ, ಸುಮ್ಮನಿರಲಾರದೆ ಒಳಗೆ ನುಗ್ಗಿ ಅವನನ್ನು ಅಪ್ಪಿಕೊಂಡ.

“ಭಾವ! ಬೆಳಿಗ್ಗೆ ಬಾಯಿ ತುದಿಗೆ ಬಂದಿತ್ತು. ಮಾತು ಹೊರಗೆ ಬಿಡಬೇಡ ಅಂದಿದ್ಲು ಇವಳು.”

‘ಬೇರೆಯವರಿಗಾಗಿ’ ಎಂದಿದ್ದನಲ್ಲ. ಆ ಬೇರೆಯವರು ಯಾರೆಂದು ಎರಿಫಾಜಿಗೆ ಈಗ ತಿಳಿಯಿತು. ಅವನೂ ಕೈಯೆತ್ತಿ ಗೆಳೆಯನ ಬೆನ್ನು ತಟ್ಟಿದ. ಅಂಗಿಯ ಮೇಲೆ ಸುಣ್ಣದ ಬೆರಳು ಮೂಡಿದವು.

ಐದಕ್ಕೆ ಎಲ್ಲರೂ ಬಂದರು. ಹಲಗೆಯ ಮೇಲೆ ದೊಡ್ಡದಾಗಿ ‘ಕುಂಬಳಕಾಯಿ’ ಎಂದಿತ್ತು. ಮೇಷ್ಟರು ನಿಟ್ಟುಸಿರಿಟ್ಟರು. ತನ್ನ ಎರಡು ಬೋಗುಣಿ ನೆನೆದು ನಾಲೊಂಗೊ ಎರಿಫಾಜಿಯನ್ನು ಬೈಯಲು ಬಾಯಿ ತೆರೆದಳು. ಮದುವೆಯ ಸುದ್ದಿ ಕಿವಿಗೆ ಬಿದ್ದದ್ದೇ ಬೈಗುಳವನ್ನು ಅರ್ಧಕ್ಕೆ ನುಂಗಿ ಅವನ ಪಕ್ಕ ಬಂದು ಕೂತಳು. ಅವನ ಮುಖವನ್ನು ಒಮ್ಮೆ ನೋಡಿದಳು. ಇನ್ನೊಮ್ಮೆ ನೋಡಿದಳು. ಹನ್ನೊಂದು ದಿನ ಅವನ ಕೋಣೆಯ ಕಿಟಕಿಯಲ್ಲಿ ಕೂತಿದ್ದ ರೇಡಿಯೋ ಯಾರದೆಂದು ಅವಳಿಗೆ ಗೊತ್ತಿತ್ತು.

ಹಾಡು ಶುರುವಾಗುವ ಮುಂಚೆ ಅವಳು ಅವನ ಕಿವಿಯಲ್ಲಿ, ತನಗಾದಷ್ಟು ಮೆಲ್ಲಗೆ ಕೇಳಿದಳು.

“ಆ ಹುಂಜ ಹುಡುಗಿಯ ಅಣ್ಣನಿಗೇ ಸೇರಿದ್ದು, ಮಗಾ. ಒಂಟಿ ಮನುಷ್ಯ, ಇಡೀ ಹುಂಜ ಏನು ಮಾಡ್ತೀಯ?”

ಎರಿಫಾಜಿ ಹಾಡಿನ ಪುಸ್ತಕದಲ್ಲಿ ಪುಟ ಹುಡುಕುತ್ತಿದ್ದ.

“ಸಾಕ್ತೀನಿ,” ಎಂದ.