ರಘುನಂದನ್ ಮೇಷ್ಟ್ರ ಗಾಯಕವೃಂದ

ರಘುನಂದನ್ ಸ್ಟಾಫ್ ರೂಮಿನಲ್ಲಿ ಟೀಗೆ ಕಾಯುತ್ತ ಕೂತು ಏನೋ ಒಂದು ರಾಗ ಗುನುಗಿದ್ದೇ ತಪ್ಪಾಯಿತು. ನಿಜ ಹೇಳಬೇಕೆಂದರೆ ಅದು ರಾಗವೂ ಅಲ್ಲ. ಟೀ ತಡವಾದಾಗ ಯಾರ ಮೂಗಿನಿಂದ ಬೇಕಾದರೂ ಹೊರಡುವಂಥ ಒಂದು ಶಬ್ದ. ಆದರೆ ಅದೇ ಹೊತ್ತಿಗೆ ಬಾಗಿಲ ಮುಂದೆ ಹಾದುಹೋಗುತ್ತಿದ್ದ ಪ್ರಿನ್ಸಿಪಾಲ್ ಚಿಕ್ಕಸ್ವಾಮಿಯವರು ಗಕ್ಕನೆ ನಿಂತರು.

"ಏನ್ರೀ ರಘುನಂದನ್, ಸಂಗೀತ ಬತ್ತದೆ ಅಂತ ಒಂದ್ ಮಾತಾದ್ರೂ ಯೋಳ್ಬಾರ್ದಾ?"

"ಅಯ್ಯೋ ಇಲ್ಲ ಸಾರ್, ನಾನು ಕಾಮರ್ಸು..."

"ಕಾಮರ್ಸ್ನೋರ್ಗೆ ಗಂಟ್ಲಿರಾಕಿಲ್ವಾ? ಸುಮ್ನಿರಿ."

ಸಂಜೆಯ ಹೊತ್ತಿಗೆ ರಘುನಂದನ್ ಕಾಲೇಜಿನ ಗಾಯಕವೃಂದದ ಉಸ್ತುವಾರಿಯಾಗಿದ್ದರು. ಸುತ್ತಲಿನ ನಾಲ್ಕು ತಾಲ್ಲೂಕಿನ ಕಾಲೇಜುಗಳು ಸೇರಿ 'ಹೊಸ ಹಾಡಿನ ಮೇಳ' ಮಾಡುವುದೆಂದು ತೀರ್ಮಾನವಾಗಿತ್ತು. ಒಬ್ಬರೇ ಹಾಡುವಂತಿಲ್ಲ, ಗುಂಪಾಗಿ ಹಾಡಬೇಕು. ಹಳೆಯ ಹಾಡು ಕೂಡದು, ಮೇಳಕ್ಕೆಂದೇ ಹೊಸದಾಗಿ ಕಟ್ಟಿಸಿದ್ದಾಗಿರಬೇಕು. ಮೇಳ ನಡೆಯುವುದು ಕೆ.ಆರ್. ಪೇಟೆಯಲ್ಲಿ, ಇವರದೇ ಕಾಲೇಜಿನ ಸಭಾಂಗಣದಲ್ಲಿ. ಗೆದ್ದರೆ ಕಾಲೇಜಿಗೆ ಕೀರ್ತಿ, ಸೋತರೆ ಆತಿಥೇಯರಿಗೇ ಸೋಲು.

"ಇದೊಂದ್ ಮಾಡ್ಕೊಟ್ಬುಡಿ, ಆಮ್ಯಾಕೆ ನಿಮ್ ತಂಟೆಗೇ ಬರಾಕಿಲ್ಲ," ಎಂದರು ಚಿಕ್ಕಸ್ವಾಮಿ. ರಘುನಂದನ್ ಆ ಮಾತನ್ನು ನಂಬಿ ಒಪ್ಪಿಕೊಂಡರು.

ಹಾಡು ಕಟ್ಟಿಕೊಡಲು ಶ್ರೀರಂಗಪಟ್ಟಣದಿಂದ ಶ್ರೀನಿವಾಸಮೂರ್ತಿಯವರು ಬಂದರು. ಸಂಗೀತದ ಮೇಷ್ಟ್ರಾಗಿ ನಿವೃತ್ತರಾದವರು. ಹಾರ್ಮೋನಿಯಂ ಮುಂದೆ ಕೂತರೆ ಊಟದ ನೆನಪಿರುವುದಿಲ್ಲ. ಬೆಳಗಿನ ಜಾವ ಹಾಲು ಕರೆದು ಡೈರಿಗೆ ಹಾಕುವುದರ ಮೇಲೆ ಅವರೊಂದು ಹಾಡು ಕಟ್ಟಿದರು. ಹುಡುಗಿಯರು ಮೊದಲು ಎತ್ತಿಕೊಳ್ಳಬೇಕು:

ಕರು ಕೂಗಿತಲ್ಲೋ ಕೊಟ್ಟಿಗೇಲಿ, ಕದ ತೆಗೆಯೇ ಅಕ್ಕಯ್ಯ...

ಅವರ ಸಾಲು ಮುಗಿಯುವುದರೊಳಗೆ ಹುಡುಗರು ಹಿಂದಿನಿಂದ ಬಂದು ಸೇರಬೇಕು:

ನೊರೆಹಾಲು ಉಕ್ಕಿ ಕ್ಯಾನು ತುಂಬಿ, ಡೈರಿಗೆ ನಡೆ ತಮ್ಮಯ್ಯ...

"ನೋಡಿ, ಹಸು ಮುಂದೆ, ಕರು ಹಿಂದೆ. ಎರಡೂ ಒಂದನ್ನೊಂದು ತುಳೀಬಾರದು," ಎಂದು ಮೂರ್ತಿಗಳು ವಿವರಿಸಿದರು. ಆದರೆ ಅಭ್ಯಾಸದಲ್ಲಿ ಕರು ಒಮ್ಮೆ ಹಸುವಿಗಿಂತ ಮುಂದೆ ಓಡುತ್ತಿತ್ತು, ಇನ್ನೊಮ್ಮೆ ಕೊಟ್ಟಿಗೆಯಲ್ಲೇ ಮಲಗಿಬಿಡುತ್ತಿತ್ತು. ಮನೆಯಲ್ಲೂ ಹಾಡಿಕೊಳ್ಳಿ ಎಂದು ರಘುನಂದನ್ ಮಕ್ಕಳಿಗೆ ಕೈಮುಗಿದರು. ಮಕ್ಕಳು ಹಾಡಿಕೊಂಡರು. ಶೀಳನೆರೆಯ ಕಡೆ ಕೆಲವು ಮನೆಗಳಲ್ಲಿ ಹಸು ಹಾಲಿಳಿಸುವುದನ್ನು ನಿಲ್ಲಿಸಿದ ಸುದ್ದಿಯೂ ಬಂತು.

ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ಅಭ್ಯಾಸ ನಡೆಯುತ್ತಿದ್ದುದು ಭಾನುವಾರ. ರಘುನಂದನ್ ವಾರವಿಡೀ ಕೆ.ಆರ್. ಪೇಟೆಯ ಬಾಡಿಗೆ ರೂಮಿನಲ್ಲಿದ್ದು, ಭಾನುವಾರ ಮಾತ್ರ ಕಿರಂಗೂರಿನ ಮನೆಗೆ ಹೋಗಿಬರುತ್ತಿದ್ದವರು. ಆ ಒಂದು ದಿನವೂ ಹಾಡಿನ ಪಾಲಾದ ಮೇಲೆ ಹೆಂಡತಿ ರಂಜಿತಳಿಗೆ ಅನುಮಾನ ಶುರುವಾಯಿತು. ಕಾಮರ್ಸ್ ಮೇಷ್ಟ್ರು ಹಾಡು ಕಲಿಸುತ್ತಾರೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ? ಸಾಕ್ಷಿಗೆಂದು ರಘುನಂದನ್ ಪ್ರತಿ ಭಾನುವಾರ ಅಭ್ಯಾಸವನ್ನು ಮೊಬೈಲಿನಲ್ಲಿ ಹಿಡಿದು ಅವಳಿಗೆ ಕಳಿಸುತ್ತಿದ್ದರು.

"ಆ ಹಾಡು ಕೇಳ್ದೇಟ್ಗೆ ಮೈಯೆಲ್ಲ ಉರೀತದೆ," ಎಂದಿದ್ದಳು ರಂಜಿತ. "ಮೇಳದ ದಿನ ನಾನೂ ಬತ್ತೀನಿ. ಅದೇ ಕೊನೆ. ಅದಾದ ಮ್ಯಾಲೂ ಭಾನುವಾರ ಮನೆಗ್ ಬರ್ಲಿಲ್ಲಾಂದ್ರೆ ಆಮೇಲ್ ನೋಡಿ!"

ಮೇಳದ ಬೆಳಿಗ್ಗೆ ಖಾಲಿ ಕ್ಲಾಸ್ ರೂಮಿನಲ್ಲಿ ಕೊನೆಯ ಅಭ್ಯಾಸ ನಡೆಯಿತು. ಹಿಂದಿನ ಸಾಲಿನ ದಿಲೀಪ ಒಳ್ಳೆಯ ಹುಡುಗ, ಹಾಡೆಂದರೆ ಪ್ರಾಣ. ಆದರೆ ಅವನ ದನಿ ಮಾತ್ರ ಕಬ್ಬಿನ ಲೋಡು ಹೊತ್ತು ದಿಬ್ಬ ಹತ್ತುತ್ತಿರುವ ಟ್ರಾಕ್ಟರಿನಂತಿತ್ತು. ಅಕ್ಕಪಕ್ಕದವರನ್ನೂ ಎಳೆದುಕೊಂಡು ಹಳ್ಳಕ್ಕೆ ಬೀಳುತ್ತಿತ್ತು. ರಘುನಂದನ್ ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಅವನನ್ನೂ ಅವನ ಸಾಲಿನವರನ್ನೂ ಮೂಲೆಗೆ ಕರೆದರು.

"ನೋಡಪ್ಪ ದಿಲೀಪ, ಇವತ್ತು ನೀವು ಬರೀ ಬಾಯಾಡ್ಸಿ. ಶಬ್ದ ಬರಬಾರದು. ಮಿಕ್ಕೋರು ಹಾಡ್ತಾರೆ."

ದಿಲೀಪನ ಮುಖ ಬಾಡಿತು. "ನಮ್ಮಜ್ಜಿ ನನ್ ಹಾಡು ಕೇಳಾಕೇ ಬಂದವ್ಳೆ ಸಾ..."

"ದೂರದಿಂದ ಗೊತ್ತಾಗಲ್ಲಪ್ಪ. ಯಾರಿಗೂ ಹೇಳ್ಬೇಡ, ಮೂರ್ತಿಗಳು ನೊಂದ್ಕೋತಾರೆ."

ಮನಸ್ಸು ಹಗುರಾಗಿ ಹೊರಗೆ ಬಂದರೆ, ಜಗಲಿಯಲ್ಲಿ ಮೂರ್ತಿಗಳು ಎರಡನೇ ಸಾಲಿನ ಹುಡುಗಿಯರ ಜೊತೆ ಏನೋ ಪಿಸುಗುಟ್ಟುತ್ತಿದ್ದರು. ನಲ್ಲಿಯ ಹತ್ತಿರ ಚಿಕ್ಕಸ್ವಾಮಿಯವರು ಮಿಕ್ಕ ಹುಡುಗರ ಹೆಗಲ ಮೇಲೆ ಕೈಹಾಕಿ ಬುದ್ಧಿ ಹೇಳುತ್ತಿದ್ದರು. ಹುರಿದುಂಬಿಸುತ್ತಿದ್ದಾರೆ, ಪಾಪ, ಎಂದುಕೊಂಡರು ರಘುನಂದನ್.

ಅವರ ಧೈರ್ಯವೆಲ್ಲ ಇದ್ದದ್ದು ಮುಂದಿನ ಸಾಲಿನ ದಿವ್ಯಳ ಮೇಲೆ. ಇಡೀ ಗುಂಪಿನಲ್ಲಿ ನೆಟ್ಟಗೆ ಹಾಡುತ್ತಿದ್ದವಳು ಅವಳೊಬ್ಬಳೇ. ಉಳಿದ ಹುಡುಗಿಯರೆಲ್ಲ ಅವಳ ದನಿಯ ಸೆರಗು ಹಿಡಿದೇ ನಡೆಯುತ್ತಿದ್ದರು. ಇದು ಕಾಲೇಜಿಗೆಲ್ಲ ಗೊತ್ತಿದ್ದರಿಂದ ಅಂದು ಅವಳ ಗಂಟಲ ಕಾಳಜಿ ಎಲ್ಲರದೂ ಆಗಿತ್ತು. ಇತಿಹಾಸದ ಮೇಡಂ ಶುಂಠಿ ಕಷಾಯ ಕುಡಿಸಿದರು. ಲೈಬ್ರರಿಯವರು ಮೆಣಸು ಅಗಿಸಿದರು. ಆಫೀಸಿನವರು ಜ್ಯೇಷ್ಠಮಧು ತಂದರು. ಕ್ಯಾಂಟೀನಿನವನು ಬಿಸಿನೀರಿಗೆ ಓಂಕಾಳು ಹಾಕಿ ಒಂದು ಚೊಂಬು ಕೊಟ್ಟ.

"ಗಂಟಲು ಹೇಗಿದೆಯಮ್ಮ?" ಎಂದು ರಘುನಂದನ್ ಕೇಳಿದಾಗ ದಿವ್ಯ ಕಣ್ಣಲ್ಲಿ ನೀರು ತುಂಬಿಕೊಂಡು ತಲೆಯಾಡಿಸಿದಳು. ಭಕ್ತಿ ಇರಬೇಕು ಎಂದುಕೊಂಡರು.

ಸಭಾಂಗಣ ತುಂಬಿ ಕಿಟಕಿಗಳಲ್ಲೂ ತಲೆಗಳಿದ್ದವು. ಎಡಗಡೆ ಹೆಂಗಸರು, ಬಲಗಡೆ ಗಂಡಸರು. ಹೆಂಗಸರ ಮುಂದಿನ ಸಾಲಿನಲ್ಲಿ ದಿಲೀಪನ ಅಜ್ಜಿ ಸೋಮಮ್ಮ ಎಲೆಯಡಿಕೆ ಮೆಲ್ಲುತ್ತ ಕೂತಿದ್ದರು. ಅವರ ಹಿಂದೆಯೇ ರಂಜಿತ, ಕೈಕಟ್ಟಿಕೊಂಡು, ಪರೀಕ್ಷೆಯಲ್ಲಿ ಕಾಪಿ ಹಿಡಿಯಲು ಬಂದ ಮೇಲ್ವಿಚಾರಕಿಯಂತೆ. ತೀರ್ಪು ಕೊಡಲು ಮೈಸೂರಿನಿಂದ ಬಂದಿದ್ದ ಪದ್ಮ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನಾಗಮಂಗಲದವರು ಬಿತ್ತನೆಯ ಹಾಡು ಹಾಡಿದರು, ಚಪ್ಪಾಳೆ ಬಿತ್ತು. ಪಾಂಡವಪುರದವರು ಆಲೆಮನೆಯ ಹಾಡಿಗೆ ಕೊಪ್ಪರಿಗೆಯ ಸದ್ದನ್ನೂ ಬಾಯಲ್ಲೇ ಹೊರಡಿಸಿ ಶಿಳ್ಳೆ ಗಿಟ್ಟಿಸಿದರು. ಶ್ರೀರಂಗಪಟ್ಟಣದವರ ಹೊಳೆಯ ಹಾಡಿಗೆ ಪದ್ಮ ಮೇಡಂ ಕಣ್ಣು ಮುಚ್ಚಿ ತಲೆದೂಗಿದರು.

ಇವರ ಸರದಿ ಬಂತು. ಮಕ್ಕಳು ಮೂರು ಸಾಲಾಗಿ ನಿಂತರು. ಮೂರ್ತಿಗಳು ಹಾರ್ಮೋನಿಯಂ ಮೇಲೆ ಶ್ರುತಿ ಹಿಡಿದರು. ರಘುನಂದನ್ ಸಭೆಗೆ ಬೆನ್ನು ಹಾಕಿ ಎರಡೂ ಕೈ ಎತ್ತಿ ಕೆಳಗಿಳಿಸಿದರು.

ಎಲ್ಲರ ಬಾಯಿಯೂ ಒಟ್ಟಿಗೇ ತೆರೆಯಿತು. ದನಿ ಬರಲಿಲ್ಲ.

ದಿವ್ಯಳ ಬಾಯಿ ಸುಂದರವಾಗಿ ಆಡುತ್ತಿತ್ತು. ಎರಡನೇ ಸಾಲಿನ ಬಾಯಿಗಳೂ ಆಡುತ್ತಿದ್ದವು. ದಿಲೀಪನಂತೂ ಹುಬ್ಬೆತ್ತಿ, ಕೈಚಾಚಿ, ಎದೆ ಬಿರಿಯುವಂತೆ ಬಾಯಾಡಿಸುತ್ತಿದ್ದ. ಇಡೀ ಗುಂಪು ಗಾಜಿನ ತೊಟ್ಟಿಯ ಮೀನುಗಳ ಹಾಗೆ ಕಾಣುತ್ತಿತ್ತು.

"ಲೇ ದ್ಯಾವಯ್ಯ, ಮೈಕು ಓಗ್ಬುಟ್ಟದೆ ನೋಡ್ಲಾ!" ಎಂದು ಚಿಕ್ಕಸ್ವಾಮಿ ಕೂಗಿದರು.

ಮೈಕಿನ ದ್ಯಾವಯ್ಯ ಓಡಿಬಂದು ಕುಟ್ಟಿದ. "ಹಲೋ, ಹಲೋ, ಒನ್ ಟೂ ತ್ರೀ!" ಸಭಾಂಗಣದ ಹೆಂಚುಗಳೇ ನಡುಗಿದವು. "ಮೈಕ್ ಚೆನ್ನಾಗೈತೆ ಸಾ! ಐಕ್ಳೇ ಆಫ್ ಆಗವ್ರೆ!"

ರಘುನಂದನ್ ಮೂರ್ತಿಗಳ ಮುಖ ನೋಡಿದರು. ಮೂರ್ತಿಗಳು ಪ್ರಿನ್ಸಿಪಾಲರ ಮುಖ ನೋಡಿದರು.

"ನಾನು ಎರಡನೇ ಸಾಲಿನ ಹುಡುಗೀರಿಗೆ ಮಾತ್ರ ಸುಮ್ನಿರಿ ಅಂದಿದ್ದೆ. ಶ್ರುತಿ ತಪ್ಪುತ್ತಿತ್ತು," ಎಂದರು ಮೂರ್ತಿಗಳು.

"ನಾನು ಆ ಸಾಲ್ನಲ್ಲೇ ಎಡಗಡೆ ನಿಂತಿರೋ ಹುಡುಗ್ರಿಗೆ ಮಾತ್ರ ಯೋಳಿದ್ದು!" ಎಂದರು ಚಿಕ್ಕಸ್ವಾಮಿ.

"ದಿವ್ಯ, ನೀನಾದರೂ ಹಾಡಮ್ಮ!" ಎಂದು ರಘುನಂದನ್ ಪಿಸುಗುಟ್ಟಿದರು. ದಿವ್ಯ ಗಂಟಲು ತೋರಿಸಿ ಅಳುಮುಖ ಮಾಡಿದಳು. ಶುಂಠಿ, ಮೆಣಸು, ಓಂಕಾಳುಗಳು ಸೇರಿ ಅವಳ ದನಿಯನ್ನು ಪೂರ್ತಿ ಮುಚ್ಚಿಹಾಕಿದ್ದವು. ಅವಳಿಲ್ಲದೆ ಮುಂದಿನ ಸಾಲಿನ ಮಿಕ್ಕವರಿಗೆ ಎಲ್ಲಿ ಎತ್ತಿಕೊಳ್ಳಬೇಕೆಂದೇ ತಿಳಿಯದೆ ಅವರೂ ಅವಳಂತೆ ತುಟಿ ಆಡಿಸುತ್ತಿದ್ದರು.

ಸಭೆಯಲ್ಲಿ ಕಿಸಕ್ ಎಂದು ಒಂದು ನಗು ಎದ್ದಿತು. ರಘುನಂದನ್‌ಗೆ ವೇದಿಕೆಯ ಹಲಗೆ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಎನ್ನಿಸಿತು.

ಆಗ ಮುಂದಿನ ಸಾಲಿನಲ್ಲಿ ಸೋಮಮ್ಮ ಎದ್ದು ನಿಂತರು.

"ಲೇ ದಿಲೀಪಾ, ಏನ್ಲಾ ಆಯ್ತು ನಿಂಗೆ? ದಿನಾ ಬೆಳಗಾನೆ ಕೊಟ್ಟಿಗೇಲಿ ನಿಂತ್ಕಂಡು ನನ್ ಕಿವಿ ಕಿತ್ತೋಗಂಗೆ ಕೂಗ್ತಿದ್ದೆ! ಮರ್ತೋಯ್ತಾ? ಇಂಗಲ್ವೇನ್ಲಾ?" ಎಂದವರೇ, ಎಲೆಯಡಿಕೆಯನ್ನು ಕೆನ್ನೆಗೆ ಒತ್ತರಿಸಿಕೊಂಡು ಎತ್ತಿಕೊಂಡರು:

ಕರು ಕೂಗಿತಲ್ಲೋ ಕೊಟ್ಟಿಗೇಲಿ...

ನಾಟಿ ಗದ್ದೆಯಲ್ಲಿ ಪಳಗಿದ ಗಂಟಲು ಅದು. ಮೈಕಿನ ಹಂಗಿರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗನ ತಾಯಿ ತನಗರಿವಿಲ್ಲದೆ ಸೇರಿಸಿದಳು: ಕದ ತೆಗೆಯೇ ಅಕ್ಕಯ್ಯ... ಅವಳಿಗೆ ಬರದೆ ಏನು? ತಿಂಗಳುಗಟ್ಟಲೆ ಒಲೆಯ ಮುಂದೆ ಕೇಳಿದ ಹಾಡು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಒಂದು ಸಾಲು. ರಘುನಂದನ್ ತಿರುಗಿ ನೋಡಿದರೆ, ಹೆಂಗಸರ ಕಡೆಯಲ್ಲಿ ಎಲ್ಲರಿಗಿಂತ ನೆಟ್ಟಗೆ, ಕಣ್ಣು ಮುಚ್ಚಿ ಹಾಡುತ್ತಿದ್ದವಳು ರಂಜಿತ!

ಬಲಗಡೆಯಿಂದ ದಿವ್ಯಳ ತಂದೆ, ಹಾಲಿನ ಸೊಸೈಟಿಯ ಚಿಕ್ಕಮಾದಯ್ಯ, ಎದ್ದು ಟವಲು ಕೊಡವಿದರು. "ಏಯ್, ನಮ್ ಸಾಲು ಬಂತು ಕಣ್ರಲಾ, ಎತ್ಕಳ್ರಿ!"

ನೊರೆಹಾಲು ಉಕ್ಕಿ ಕ್ಯಾನು ತುಂಬಿ...

ಗಂಡಸರ ದನಿ ಹಿಂದಿನಿಂದ ಬಂದು ಸೇರಿತು. ಹಸು ಮುಂದೆ, ಕರು ಹಿಂದೆ. ಒಂದನ್ನೊಂದು ತುಳಿಯಲಿಲ್ಲ.

ರಘುನಂದನ್‌ಗೆ ಆ ಕ್ಷಣ ಏನಾಯಿತೋ. ವೇದಿಕೆಗೆ ಬೆನ್ನು ತಿರುಗಿಸಿ ಸಭೆಯ ಕಡೆಗೆ ನಿಂತರು. ಎಡಗೈ ಎತ್ತಿದರೆ ಹೆಂಗಸರು ಉಕ್ಕಿದರು, ಬಲಗೈ ಎತ್ತಿದರೆ ಗಂಡಸರು ಮೊಳಗಿದರು, ಎರಡೂ ಕೈ ತಗ್ಗಿಸಿದರೆ ಇಡೀ ಸಭಾಂಗಣ ಮಗುವನ್ನು ತೂಗುವಂತೆ ಮೆಲ್ಲಗಾಯಿತು. ಜೀವಮಾನವೆಲ್ಲ ಜಮಾ ಖರ್ಚು ಕಲಿಸಿದ ಮನುಷ್ಯನ ಕೈಯಲ್ಲಿ ಇಷ್ಟು ಜನರ ಉಸಿರು! ಅವರ ಕಣ್ಣುಗಳು ತುಂಬಿಬಂದವು. ಮೂರ್ತಿಗಳು ಅಳುತ್ತಲೇ ಹಾರ್ಮೋನಿಯಂ ಒತ್ತುತ್ತಿದ್ದರು. ಅಪ್ಪ ಅಮ್ಮಂದಿರು ಹಾಡುವುದನ್ನು ಕಂಡು ವೇದಿಕೆಯ ಮಕ್ಕಳು ಕೊಟ್ಟ ಆಜ್ಞೆಯನ್ನೆಲ್ಲ ಮರೆತು ಬಾಯಿ ಬಿಟ್ಟು ಹಾಡತೊಡಗಿದರು. ದಿಲೀಪನ ಟ್ರಾಕ್ಟರೂ ಗುಡುಗಿತು. ಅಷ್ಟು ದನಿಗಳ ನಡುವೆ ಅದು ದೊಡ್ಡ ತಮಟೆಯ ಹಾಗೆ ಒಳ್ಳೆಯದಾಗಿಯೇ ಕೇಳಿತು.

ಹಾಡು ಮುಗಿದಾಗ ಎದ್ದ ಕೇಕೆಗೆ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಪದ್ಮ ಮೇಡಂ ಎದ್ದು ನಿಂತೇ ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನಕ್ಕೆ ಯೋಚನೆಯೇ ಬೇಕಿರಲಿಲ್ಲ.

"ಎಂಥ ಕಲ್ಪನೆ ಇದು! ವೇದಿಕೆಯ ಮೇಲಿನವರು ಸದ್ದಿಲ್ಲದೆ ತುಟಿಯಲ್ಲಿ ಹಾಡನ್ನು ತೋರಿಸುತ್ತಾರೆ, ಸಭೆ ಅದನ್ನು ಓದಿಕೊಂಡು ಹಾಡುತ್ತದೆ. ಯಾರದು ಈ ಯೋಚನೆ?"

ಎಲ್ಲ ಬೆರಳುಗಳೂ ರಘುನಂದನ್ ಕಡೆ ತಿರುಗಿದವು.

"ಮೇಡಂ, ಅದು ಯೋಚನೆಯಲ್ಲ. ನಿಜವಾಗಿ ನಡೆದಿದ್ದು ಏನಂದ್ರೆ..."

"ಕಲಾವಿದರಿಗೆ ಇಷ್ಟು ವಿನಯ ಇರಬೇಕು ನೋಡಿ," ಎಂದರು ಪದ್ಮ ಮೇಡಂ ಸಭೆಗೆ. ಮತ್ತೊಮ್ಮೆ ಚಪ್ಪಾಳೆ.

ಚಿಕ್ಕಸ್ವಾಮಿ ಹಾರ ತಂದು ಕೊರಳಿಗೆ ಹಾಕಿದರು. ಚಿಕ್ಕಮಾದಯ್ಯ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತೇಬಿಟ್ಟರು. ಅಷ್ಟು ಎತ್ತರದಿಂದ ರಘುನಂದನ್‌ಗೆ ಮುಂದಿನ ಭಾನುವಾರಗಳೆಲ್ಲ ಸ್ಪಷ್ಟವಾಗಿ ಕಂಡವು: ಕಿರಂಗೂರಿನ ಮನೆ, ಜಗಲಿ, ಮಧ್ಯಾಹ್ನದ ನಿದ್ದೆ.

ಪದ್ಮ ಮೇಡಂ ಮತ್ತೆ ಮೈಕು ಹಿಡಿದರು.

"ಮುಂದಿನ ಮೇಳ ಮೈಸೂರಿನಲ್ಲಿ. ಈ ತಂಡ ಅಲ್ಲಿಗೆ ಬರಲೇಬೇಕು. ಆದರೆ ತಂಡ ಅಂದರೆ ವೇದಿಕೆಯ ಮೇಲಿರೋ ಮಕ್ಕಳು ಮಾತ್ರ ಅಲ್ಲ. ಈ ಸಭಾಂಗಣ ಪೂರ್ತಿ. ಒಬ್ಬರೂ ತಪ್ಪಬಾರದು."

"ಓ!" ಎಂದಿತು ಸಭೆ, ಸಂತೋಷದಿಂದ.

"ಇನ್ನೊಂದು ಮಾತು. ಒಮ್ಮೆ ಹಾಡಿದ ಹಾಡು ಅಲ್ಲಿ ನಡೆಯಲ್ಲ. ಬೇರೆ ಹೊಸ ಹಾಡು ಬೇಕು. ಇಷ್ಟೂ ಜನರಿಗೆ ಮೊದಲಿಂದ ಕಲಿಸಬೇಕಾಗುತ್ತದೆ."

"ಅದ್ಯಾವ್ ಮಾತು ಮೇಡಂ!" ಎಂದರು ಚಿಕ್ಕಸ್ವಾಮಿ ಎದೆಯುಬ್ಬಿಸಿ. "ಎಲ್ಲ ನಮ್ ರಘುನಂದನ್ ನೋಡ್ಕತಾರೆ!"

ಮೂರ್ತಿಗಳು ಆಗಲೇ ಹಾರ್ಮೋನಿಯಂ ಮುಂದೆ ಕೂತು ಹೊಸ ಮಟ್ಟು ಹುಡುಕುತ್ತಿದ್ದರು. "ಈ ಕಿತ ಎಮ್ಮೆ ಮ್ಯಾಲೆ ಕಟ್ಟಿ ಸೋಮಿ, ಅದೇನ್ ಪಾಪ ಮಾಡೈತೆ?" ಎಂದು ಸೋಮಮ್ಮ ಅವರ ಪಕ್ಕದಲ್ಲೇ ಕೂತುಬಿಟ್ಟಿದ್ದರು.

ರಘುನಂದನ್ ಚಿಕ್ಕಮಾದಯ್ಯನವರ ಹೆಗಲಿನಿಂದ ಜಾರಿ ಇಳಿದು, ಹಾರದ ಸಮೇತ ಜನರ ನಡುವೆ ನುಗ್ಗಿ ರಂಜಿತಳ ಹತ್ತಿರ ಓಡಿದರು. ಇಡೀ ಜಿಲ್ಲೆಯಲ್ಲಿ ಪ್ರಿನ್ಸಿಪಾಲರಿಗೆ ಆಗುವುದಿಲ್ಲ ಎಂದು ಹೇಳುವ ಧೈರ್ಯವಿದ್ದದ್ದು ಅವಳೊಬ್ಬಳಿಗೇ.

"ರಂಜಿತ, ಕೇಳಿದೆಯಾ? ನೀನೇ ಹೋಗಿ ಹೇಳು. ಭಾನುವಾರ ಅವರಿಗೆ ಮನೆ ಇದೆ, ಹೆಂಡತಿ ಇದ್ದಾಳೆ, ಆಗಲ್ಲ ಅಂತ ಖಡಾಖಂಡಿತ ಹೇಳಿಬಿಡು!"

ರಂಜಿತ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು. ಕೂಗಿ ಕೂಗಿ ಅವಳ ದನಿ ಒಡೆದಿತ್ತು, ಮುಖ ಮಾತ್ರ ದೀಪದ ಹಾಗೆ ಬೆಳಗುತ್ತಿತ್ತು.

"ಪ್ರಿನ್ಸಿಪಾಲ್ರು ಈಗ್ ತಾನೆ ಬಂದು ಯೋಳೋದ್ರು, ಹೆಂಗಸ್ರ ಕಡೆಗೆ ಲೀಡ್ರು ನಾನೇ ಅಂತೆ. ಹೂಂ ಅಂದ್ಬುಟ್ಟೆ," ಎಂದಳು. ಆಮೇಲೆ ಸಭಾಂಗಣದ ತುಂಬ ಕಣ್ಣಾಡಿಸಿ, ಗಂಡನನ್ನು ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದಳು: "ಇಷ್ಟ್ ಜನಕ್ಕೆ ಭಾನುವಾರ ಒಂದ್ ಸಾಲಾಕಿಲ್ಲ ಕಣ್ರೀ. ಶನಿವಾರಾನೂ ಇಟ್ಕಳಿ."